ಇನ್ನೂರು ರೂಪಾಯಿ ವೈರು: ಹಾಡಿಗೂ ಕುತ್ತು, ಕಿವಿಗೂ ಕುತ್ತು

ಬೆಳಿಗ್ಗೆ ತುಮಕೂರು ಬಸ್ ಸ್ಟ್ಯಾಂಡಿನಿಂದ ಹೊರಡುವ ಬೆಂಗಳೂರು ಬಸ್ಸು ಹತ್ತಿ ನೋಡಿ. ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಅರ್ಧ ಬಸ್ಸಿಗೆ ನಿದ್ದೆ, ಇನ್ನರ್ಧ ಬಸ್ಸಿನ ಕಿವಿಯಲ್ಲಿ ವೈರು. ಪೀಣ್ಯದ ಕಾರ್ಖಾನೆಗೆ ಹೋಗುವವರು, ಮೆಜೆಸ್ಟಿಕ್ ಕಡೆಯ ಅಂಗಡಿಗಳಲ್ಲಿ ಲೆಕ್ಕ ಬರೆಯುವವರು, ಕಾಲೇಜು ಹುಡುಗ ಹುಡುಗಿಯರು, ರಿಟೈರಾದ ಮೇಲೂ ಮತ್ತೊಂದು ಕೆಲಸ ಹಿಡಿದ ಹಿರಿಯರು. ಹೋಗಿ ಬರೋ 140 ಕಿಲೋಮೀಟರಿಗೆ ಇವರಿಗೆಲ್ಲ ಇರುವ ಸುಖ ಒಂದೇ, ಹಾಡು.

ಆ ಸುಖಕ್ಕೆ ಬೇಕಾದದ್ದು ಒಂದು ಇಯರ್‌ಫೋನ್. ಫುಟ್‌ಪಾತಿನಲ್ಲಿ ಕೊಡೆ ಕೆಳಗೆ ನೇತುಹಾಕಿರುವುದು ನೂರಕ್ಕೂ ಸಿಕ್ಕುತ್ತೆ, ಎಂ.ಜಿ. ರೋಡಿನ ಗಾಜಿನ ಬಾಗಿಲಿನ ಅಂಗಡಿಯಲ್ಲಿ ಎರಡು ಸಾವಿರಕ್ಕೂ ಸಿಕ್ಕುತ್ತೆ. ಯಾವುದನ್ನು ತಗೋಬೇಕು ಅಂತ ಹೇಳುವವರು ಮಾತ್ರ ಇಲ್ಲ. ಅಂಗಡಿಯವರನ್ನು ಕೇಳಿದರೆ 'ಎಲ್ಲಾ ಚೆನ್ನಾಗಿದೆ ಸಾರ್, ಬೇಸ್ ಸೂಪರ್' ಅನ್ನುತ್ತಾರೆ. ಗಿರಾಕಿಯೂ ಕೇಳುವುದು ಒಂದೇ ಪ್ರಶ್ನೆ: 'ಕಮ್ಮೀದು ಯಾವುದಿದೆ?'

ಕಮ್ಮಿಯದರ ಲೆಕ್ಕ ಹಾಕಿ ನೋಡಿ ಸ್ವಾಮಿ. 150 ರೂಪಾಯಿಯ ವೈರು ಎರಡು ತಿಂಗಳಿಗೆ ಒಂದು ಕಿವಿ ಕೈಕೊಟ್ಟರೆ ವರ್ಷಕ್ಕೆ ಆರು ಬೇಕು. 900 ರೂಪಾಯಿ ಆಯಿತು. 600 ರೂಪಾಯಿಯದು ಒಂದು ವರ್ಷ ಬಾಳಿದರೂ 300 ಉಳಿಯಿತು. ದುಡ್ಡಿನ ಮಾತು ಹಾಗಿರಲಿ, ಕಿವಿಯ ಮಾತು ಅದಕ್ಕಿಂತ ದೊಡ್ಡದು. ಅದು ಮುಂದೆ ಬರುತ್ತೆ.

ಬಸ್ಸಿನಲ್ಲಿ ವೈರು ಈಗ ಶೋಕಿಯಾಗಿ ಉಳಿದಿಲ್ಲ, ಕಾನೂನಿನ ಮಾತೂ ಆಗಿದೆ. ಹೈಕೋರ್ಟ್ ಹೇಳಿದ ಮೇಲೆ 2021ರ ನವೆಂಬರಿನಲ್ಲಿ ಕೆ.ಎಸ್.ಆರ್.ಟಿ.ಸಿ. ಬಸ್ಸುಗಳಲ್ಲಿ ಮೊಬೈಲಿನ ಸ್ಪೀಕರಿನಲ್ಲಿ ಜೋರಾಗಿ ಹಾಡು, ವೀಡಿಯೋ ಹಾಕುವುದಕ್ಕೆ ನಿಷೇಧ ಬಂತು. ಎಷ್ಟು ಜನ ಪಾಲಿಸುತ್ತಾರೆ ಅನ್ನೋದು ಬೇರೆ ಮಾತು. ಹಿಂದಿನ ಸೀಟಿನಲ್ಲಿ ಕೂತು ಇಡೀ ಬಸ್ಸಿಗೆ ರೀಲ್ಸ್ ಕೇಳಿಸುವ ಪುಣ್ಯಾತ್ಮರು ಈಗಲೂ ಇದ್ದಾರೆ. ಮರ್ಯಾದೆಯಿಂದ ಹಾಡು ಕೇಳೋ ಮನುಷ್ಯನಿಗೆ ಮಾತ್ರ ಇಯರ್‌ಫೋನ್ ಬಿಟ್ಟರೆ ಗತಿಯಿಲ್ಲ.

ಹಳೇ ಪೆಟ್ಟಿಗೆ, ಹೊಸ ಪಾಡು

ಜೇಬಿನಲ್ಲಿ ಹಾಡು ಇಟ್ಟುಕೊಂಡು ತಿರುಗುವ ಚಟಕ್ಕೆ ಈಗ ನಲವತ್ತು ವರ್ಷ ದಾಟಿದೆ. ಜಪಾನಿನ ಸೋನಿ ಕಂಪನಿ 1979ರಲ್ಲಿ ವಾಕ್‌ಮನ್ ಬಿಟ್ಟಿತು. ಕ್ಯಾಸೆಟ್ಟಿನ ಕಾಲ ಅದು. 2001ರಲ್ಲಿ ಆಪಲ್‌ನವರ ಐಪಾಡ್ ಬಂತು, 2022ರಲ್ಲಿ ಅದರ ಕಥೆಯೂ ಮುಗಿಯಿತು. ನಡುವೆ 2016ರಲ್ಲಿ ಅದೇ ಕಂಪನಿ ತನ್ನ ಫೋನಿನಿಂದ ಇಯರ್‌ಫೋನ್ ಸಿಕ್ಕಿಸುವ ತೂತನ್ನೇ ಮುಚ್ಚಿಬಿಟ್ಟಿತು. ದೊಡ್ಡವರು ಮಾಡಿದ್ದನ್ನು ಉಳಿದವರೂ ಮಾಡಿದರು.

ಆದರೆ ತುಮಕೂರು ಬಸ್ಸಿನಲ್ಲಿ ಎಲ್ಲರೂ ದೊಡ್ಡ ಫೋನಿನವರಲ್ಲ. ಮೆಮೊರಿ ಕಾರ್ಡ್ ಹಾಕುವ ಕೀಪ್ಯಾಡ್ ಫೋನಿನವರಿದ್ದಾರೆ. ಬೆಂಕಿಪೊಟ್ಟಣದಷ್ಟು ದೊಡ್ಡ ಎಂ.ಪಿ.3 ಪ್ಲೇಯರನ್ನು ಅಂಗಿಗೆ ಕ್ಲಿಪ್ ಮಾಡಿಕೊಂಡು ಭಾವಗೀತೆ ಕೇಳೋ ಮೇಷ್ಟ್ರುಗಳಿದ್ದಾರೆ. ಫೋನಿನ ಚಾರ್ಜು ಆಫೀಸಿಗೆ ಬೇಕು, ಹಾಡಿಗೆ ಬೇರೆಯದೇ ಇರಲಿ ಅನ್ನುವ ಜಾಣರೂ ಇದ್ದಾರೆ. ಇವಕ್ಕೆಲ್ಲ ಬೇಕಾದದ್ದು ಹಳೆಯ 3.5 ಮಿಲಿಮೀಟರ್ ಪಿನ್ನಿನ ವೈರು.

ವೈರಿಲ್ಲದ ಬ್ಲೂಟೂತ್ ಯಾಕೆ ಬೇಡ ಅಂತ ಕೇಳಬಹುದು. ಬೇಡ ಅಂತಲ್ಲ. ಸಣ್ಣ ಪ್ಲೇಯರುಗಳಲ್ಲಿ ಬಹುಪಾಲಿಗೆ ಬ್ಲೂಟೂತೇ ಇರೋಲ್ಲ. ಇದ್ದರೂ ಬ್ಲೂಟೂತ್ ಇಯರ್‌ಫೋನಿನ ಒಳಗೆ ಕಡಲೆಬೀಜದಷ್ಟು ಬ್ಯಾಟರಿ. ಎರಡು ಮೂರು ವರ್ಷಕ್ಕೆ ಅದರ ಕಸುವು ಇಳಿಯುತ್ತೆ, ಬದಲಾಯಿಸಿ ಕೊಡುವವರು ಸಿಕ್ಕುವುದು ಅಪರೂಪ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ಸುಗಳಲ್ಲಿ ರಶ್ಶು ಹೇಗಿದೆ ಅನ್ನೋದು ಎಲ್ಲರಿಗೂ ಗೊತ್ತು. ನಿಂತ ಜನರ ಕಾಲಡಿಗೆ ಒಂದು ಬಡ್ಸ್ ಬಿತ್ತು ಅಂದ್ರೆ ಮುಗಿಯಿತು. ವೈರಿನದು ಬಿದ್ದರೂ ಕತ್ತಿಗೆ ನೇತಾಡುತ್ತಿರುತ್ತೆ.

ರಬ್ಬರೇ ಅರ್ಧ ಸಂಗೀತ

ಈಗ ಮುಖ್ಯ ಮಾತಿಗೆ ಬರೋಣ. ಕಿವಿಯ ಬಾಗಿಲಲ್ಲಿ ಕೂರುವ ಹಳೇ ಗುಂಡಿ ಥರದ ಇಯರ್‌ಫೋನ್ ಬೇರೆ, ಕಿವಿಯ ತೂತಿನೊಳಗೆ ಹೋಗುವ ರಬ್ಬರ್ ತುದಿಯದು ಬೇರೆ. ಬಸ್ಸಿಗೆ ಎರಡನೆಯದೇ ಸರಿ. ಯಾಕಂದ್ರೆ ಅದು ಬೂಚಿನ ಹಾಗೆ ಕೂತು ಹೊರಗಿನ ಗಲಾಟೆ ತಡೆಯುತ್ತೆ. ಗಲಾಟೆ ಕಮ್ಮಿಯಾದರೆ ಹಾಡಿನ ವಾಲ್ಯೂಮೂ ಕಮ್ಮಿ ಸಾಕು. ಎಂಜಿನ್ನಿನ ಗುರ್ ಅನ್ನೋ ದಪ್ಪ ಸದ್ದು ಪೂರ್ತಿ ಹೋಗೋಲ್ಲ. ಜನರ ಮಾತು, ಹಾರನ್ನು, ಕಿಟಕಿಯ ಗಾಳಿ ಚೆನ್ನಾಗಿ ತಗ್ಗುತ್ತೆ.

ಹೆಚ್ಚಿನ ಜನ ಎಡವುವುದು ಇಲ್ಲೇ. ಡಬ್ಬಿಯಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಅಂತ ಮೂರು ಜೊತೆ ರಬ್ಬರ್ ಕೊಟ್ಟಿರುತ್ತಾರೆ. ಇಯರ್‌ಫೋನಿಗೆ ಮಧ್ಯಮದ್ದು ಹಾಕಿಯೇ ಬಂದಿರುತ್ತೆ. ಮಿಕ್ಕ ಎರಡು ಜೊತೆ ಡಬ್ಬಿಯ ಜೊತೆಗೇ ಕಸದ ಬುಟ್ಟಿಗೆ. ಆಮೇಲೆ 'ಬೇಸೇ ಇಲ್ಲ ಕಣ್ರೀ, ಮೋಸ ಮಾಡಿದಾರೆ' ಅಂತ ಅಂಗಡಿಯವರ ಮೇಲೆ ರೇಗಾಟ. ರಬ್ಬರಿನ ಪಕ್ಕದಲ್ಲಿ ಕೂದಲೆಳೆಯಷ್ಟು ಸಂದಿ ಬಿಟ್ಟರೂ ತಬಲಾದ ಡಗ್ಗಾ, ಬೇಸ್ ಗಿಟಾರು ಎಲ್ಲ ಆ ಸಂದಿಯಲ್ಲೇ ಸೋರಿಹೋಗುತ್ತೆ. ಉಳಿಯುವುದು ತಗಡಿನ ಡಬ್ಬದ ಸದ್ದು. 1,500ರ ಮಾಲಿಗೆ ತಪ್ಪು ರಬ್ಬರ್ ಹಾಕಿದರೆ ಅದಕ್ಕಿಂತ ಸರಿಯಾದ ರಬ್ಬರಿನ 400ರ ಮಾಲೇ ಚೆನ್ನಾಗಿ ಹಾಡುತ್ತೆ!

ಪರೀಕ್ಷೆ ಸುಲಭ. ಕಿವಿಗೆ ಹಾಕುವಾಗ ಇನ್ನೊಂದು ಕೈಯಿಂದ ಕಿವಿಯ ಮೇಲ್ಭಾಗವನ್ನು ಸ್ವಲ್ಪ ಮೇಲಕ್ಕೆ, ಹಿಂದಕ್ಕೆ ಎಳೆದು ತೂರಿಸಬೇಕು. ಸರಿಯಾಗಿ ಕೂತರೆ ಹಾಡು ಹಾಕುವ ಮೊದಲೇ ಅಂಗಡಿಯ ಸದ್ದು ತಗ್ಗುತ್ತೆ, ಸ್ವಂತ ಮಾತು ಬುರುಡೆಯೊಳಗೆ ಗುಂಯ್ ಅನ್ನುತ್ತೆ. ಎರಡು ಕಿವಿಗೆ ಬೇರೆ ಬೇರೆ ಸೈಜು ಬೇಕಾದರೂ ಗಾಬರಿ ಬೇಡ, ಎಷ್ಟೋ ಜನರ ಎರಡು ಕಿವಿಯ ತೂತು ಒಂದೇ ಅಳತೆ ಇರೋಲ್ಲ. ಸ್ಪಂಜಿನ ಥರದ ಫೋಮ್ ತುದಿಗಳೂ ಬರುತ್ತವೆ. ಕಿವುಚಿ ತೂರಿಸಿದರೆ ಒಳಗೆ ಅರಳಿ ಕೂರುತ್ತವೆ. ಗಲಾಟೆ ತಡೆಯಲು ಬಹಳ ಒಳ್ಳೆಯವು, ಆದರೆ ಬೆವರಿಗೆ ಬೇಗ ಹಾಳು.

ಇಲ್ಲೊಂದು ಮಾತು ಅಂಗಡಿಯವರಿಗೂ. ತೋರಿಸುವುದಕ್ಕೆ ಅಂತ ಒಂದು ಪೀಸ್ ತೆರೆದಿಟ್ಟು, ಬಂದವರಿಗೆಲ್ಲ ಅದೇ ರಬ್ಬರನ್ನು ಕಿವಿಗೆ ಹಾಕಿಸುವುದು ಯಾವ ನ್ಯಾಯ? ಒಬ್ಬರ ಕಿವಿಯ ಸೋಂಕು ಇನ್ನೊಬ್ಬರಿಗೆ ಅಂಟಬಹುದು. ಬಿಡಿ ರಬ್ಬರಿನ ಒಂದು ಪೊಟ್ಟಣ, ಒಂದು ಬಾಟಲಿ ಸ್ಪಿರಿಟ್, ಸ್ವಲ್ಪ ಹತ್ತಿ ಗಲ್ಲಾಪೆಟ್ಟಿಗೆ ಪಕ್ಕ ಇಟ್ಟರೆ ಆಗುವ ಖರ್ಚು ಎರಡು ಕಾಫಿಯದು. ಹಾಕಿ ನೋಡಿದ ಗಿರಾಕಿ ವಾಪಸ್ ತಂದು ಜಗಳ ಮಾಡುವುದೂ ತಪ್ಪುತ್ತೆ.

ಡಬ್ಬಿ ಮೇಲಿನ ಅಂಕಿಗಳ ಆಟ

ಡಬ್ಬಿ ತಿರುಗಿಸಿದರೆ ಅಂಕಿಗಳ ಜಾತ್ರೆ. '20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್' ಅಂತ ನೂರು ರೂಪಾಯಿಯದರ ಮೇಲೂ ಬರೆದಿರುತ್ತೆ, ಹತ್ತು ಸಾವಿರದ್ದರ ಮೇಲೂ ಬರೆದಿರುತ್ತೆ. ಅಷ್ಟೂ ಸ್ವರಗಳನ್ನು ಒಂದೇ ಸಮನಾಗಿ ನುಡಿಸುತ್ತೆ ಅಂತ ಅದರ ಅರ್ಥವಲ್ಲ. ಆ ಅಂಕಿ ನೋಡಿ ಮಾಲು ಆರಿಸುವುದು ಬಸ್ಸಿನ ಬಣ್ಣ ನೋಡಿ ಸ್ಪೀಡು ಹೇಳಿದ ಹಾಗೆ. '10 ಎಂ.ಎಂ. ಡ್ರೈವರ್' ಅನ್ನೋದೂ ಅಷ್ಟೇ. ಒಳಗೊಂದು ಆಯಸ್ಕಾಂತ, ತೆಳು ತಂತಿಯ ಸುರುಳಿ, ಅದಕ್ಕಂಟಿದ ಪೊರೆ, ಇಷ್ಟೇ ಅದರ ಮರ್ಮ. ಪೊರೆ ದೊಡ್ಡದಾದ ಮಾತ್ರಕ್ಕೆ ಹಾಡು ದೊಡ್ಡದಾಗೋಲ್ಲ. ಅಮೆರಿಕದ ಎಟಿಮೋಟಿಕ್ ಕಂಪನಿ 1991ರಲ್ಲಿ ತಂದ ಇ.ಆರ್.-4 ಅನ್ನೋ ಇಯರ್‌ಫೋನಿನೊಳಗೆ ಇದ್ದದ್ದು ಕಿವುಡರ ಯಂತ್ರದಲ್ಲಿ ಬಳಸುವಂಥ ಪುಟ್ಟ ಬಿಡಿಭಾಗ. ಅದನ್ನು ಸಂಗೀತದವರು ಇಂದಿಗೂ ಹೊಗಳುತ್ತಾರೆ.

ನೋಡಲೇಬೇಕಾದದ್ದು ಎರಡು ಅಂಕಿ. ಒಂದು ಓಮ್. ಸಣ್ಣ ಪ್ಲೇಯರ್, ಕೀಪ್ಯಾಡ್ ಫೋನುಗಳಿಗೆ 16 ಅಥವಾ 32 ಓಮಿನದು ಸರಿ. ನೂರು ದಾಟಿದ್ದು ತಗೊಂಡರೆ ವಾಲ್ಯೂಮ್ ಪೂರ್ತಿ ಕೊಟ್ಟರೂ ಪಿಸುಮಾತು. ಎರಡನೆಯದು ಡೆಸಿಬಲ್, ಅಂದರೆ ಸ್ವಲ್ಪ ವಿದ್ಯುತ್ತಿಗೆ ಎಷ್ಟು ಜೋರು ಅನ್ನೋದು. 100ರ ಆಸುಪಾಸು ಇದ್ದರೆ ಸಾಕು. ತೀರಾ ಹೆಚ್ಚಿದ್ದರೆ ಅಗ್ಗದ ಪ್ಲೇಯರಿನ ಒಳಗಿನ ಸುಯ್ ಅನ್ನುವ ಸದ್ದೂ ಕಿವಿಗೆ ಬರುತ್ತೆ. ಹಾಡಿನ ನಡುವೆ ಮಳೆ ಬಂದ ಹಾಗೆ.

'ಎಕ್ಸ್‌ಟ್ರಾ ಬೇಸ್' ಮಾಲಿನ ಬಗ್ಗೆ ಬೇರೆ ಬೇರೆ ಅಭಿಪ್ರಾಯ. ಡಿ.ಜೆ. ಹಾಡಿನ ಹುಡುಗರಿಗೆ ಬೇಕಾದೀತು. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಕೇಳುವವರಿಗೆ ಮಾತ್ರ ಅದು ಕಂಬಳಿ ಹೊದ್ದು ಹಾಡಿದ ಹಾಗೆ ಕೇಳಿಸುತ್ತೆ. ಅವರ ಕಾಲದ ರೆಕಾರ್ಡಿಂಗಿನಲ್ಲಿ ದಂಡಿಯಾಗಿ ಇರುವುದು ದನಿ, ಮಧ್ಯದ ಸ್ವರಗಳು. ಆದ್ದರಿಂದ ಕೊಳ್ಳುವಾಗ ಅಂಗಡಿಯವರ ಹಾಡು ಕೇಳಿ ಮರುಳಾಗಬೇಡಿ. ನಿಮ್ಮದೇ ಪ್ಲೇಯರ್ ಒಯ್ಯಿರಿ, ನೂರು ಸಲ ಕೇಳಿದ ಹಾಡನ್ನೇ ಹಾಕಿ. ಹಾಡಿನ ಮಾತು ಬಿಡಿಬಿಡಿಯಾಗಿ ಕೇಳಿಸಬೇಕು, 'ಸ', 'ಶ' ಬಂದಾಗ ಕಿವಿಗೆ ಚುಚ್ಚಬಾರದು. ಎಡ ಬಲ ಪರೀಕ್ಷೆಗೆ ಮಾತ್ರ ಹೊಸ ಹಾಡು ಬೇಕು. ಅರವತ್ತರ ದಶಕದ ಸಿನಿಮಾ ಹಾಡುಗಳು ಮೋನೋ, ಎರಡು ಕಿವಿಗೂ ಒಂದೇ ಸದ್ದು.

ಗಾಯಕ ಮಾಯ!

ರಿಪೇರಿ ಅಂಗಡಿಗಳಿಗೆ ಬರುವ ಒಂದು ವಿಚಿತ್ರ ದೂರು ಇದೆ. 'ವಾದ್ಯ ಕೇಳಿಸುತ್ತೆ, ಹಾಡೋರು ಎಲ್ಲೋ ಬಾವಿಯೊಳಗೆ ಇದ್ದ ಹಾಗಿದೆ.' ಇಯರ್‌ಫೋನ್ ಕೆಟ್ಟಿದೆ ಅಂತ ಬಿಸಾಕಿ ಹೊಸದು ಕೊಂಡವರು ಎಷ್ಟೋ ಜನ. ಹೊಸದರಲ್ಲೂ ಅದೇ ರಾಮಾಯಣ.

ಕಾರಣ ಪಿನ್ನಿನಲ್ಲಿದೆ. ಪಿನ್ನಿನ ಮೇಲಿನ ಕಪ್ಪು ಗೆರೆ ಎಣಿಸಿ. ಎರಡು ಗೆರೆ ಇದ್ದರೆ ಬರೀ ಹಾಡಿನದು: ಎಡ, ಬಲ, ಇನ್ನೊಂದು ಎರಡಕ್ಕೂ ಸೇರಿದ ಅರ್ತಿಂಗ್. ಮೂರು ಗೆರೆ ಇದ್ದರೆ ಮೈಕೂ ಉಂಟು. ಅರ್ತಿಂಗ್ ಸರಿಯಾಗಿ ತಾಗದೇ ಹೋದರೆ ಎಡ ಬಲ ಎರಡರಲ್ಲೂ ಸಮನಾಗಿರುವ ಸದ್ದು ಒಂದನ್ನೊಂದು ಹೊಡೆದುಹಾಕುತ್ತೆ. ಗಾಯಕರ ದನಿ ಸಾಮಾನ್ಯವಾಗಿ ಎರಡರಲ್ಲೂ ಸಮ ಇರುವುದರಿಂದ ಮೊದಲು ಮಾಯವಾಗುವುದು ಅದೇ. ಮೈಕಿನ ಬಟನ್ ಒತ್ತಿ ಹಿಡಿದರೆ ದನಿ ವಾಪಸ್ ಬಂತೋ, ಆ ಪ್ಲೇಯರಿಗೂ ಆ ಪಿನ್ನಿಗೂ ಜಾತಕ ಕೂಡಿಲ್ಲ ಅಂತ ತಿಳೀಬೇಕು. ಬರೀ ಹಾಡು ಕೇಳುವ ಪ್ಲೇಯರಿಗೆ ಎರಡು ಗೆರೆಯ, ಮೈಕಿಲ್ಲದ ಮಾಲು ಸಿಕ್ಕರೆ ಈ ತಾಪತ್ರಯವೇ ಇಲ್ಲ. ಫೋನಿಗೂ ಅದನ್ನೇ ಹಾಕುವವರು ಮೈಕಿನದು ತಗೊಳ್ಳಲಿ, ಆದರೆ ಅಂಗಡಿಯಲ್ಲೇ ಎರಡಕ್ಕೂ ಚುಚ್ಚಿ ನೋಡಲಿ.

ಎಷ್ಟೋ ಸಲ ಜಾತಕದ ದೋಷವೂ ಅಲ್ಲ. ಜೇಬಿನ ನೂಲುಪುಡಿ ತೂತಿನೊಳಗೆ ಒತ್ತಿಕೊಂಡು ಪಿನ್ನು ಪೂರ್ತಿ ಒಳಗೆ ಹೋಗುತ್ತಿರುವುದಿಲ್ಲ. ಪ್ಲೇಯರ್ ಆಫ್ ಮಾಡಿ, ಮರದ ಕಡ್ಡಿಯಿಂದ ಮೆಲ್ಲಗೆ ಕೆದಕಿದರೆ ಉಂಡೆಯಾಗಿ ಹೊರಬರುತ್ತೆ. ಸೂಜಿ ಹಾಕಬಾರದು.

ತೂತಿಲ್ಲದ ಹೊಸ ಫೋನಿನವರು ಟೈಪ್-ಸಿ ಕನ್ವರ್ಟರ್ ಕೊಳ್ಳುತ್ತಾರೆ. ಅದರಲ್ಲಿ ಎರಡು ಥರ. ಒಂದು ಬರೀ ತಂತಿ ಜೋಡಣೆ. ಇನ್ನೊಂದರಲ್ಲಿ ಡ್ಯಾಕ್ ಅನ್ನೋ ಪುಟ್ಟ ಚಿಪ್ಪು ಇರುತ್ತೆ. ಮೊದಲನೆಯದು ಎಲ್ಲಾ ಫೋನಿಗೂ ಆಗೋಲ್ಲ, ಎರಡನೆಯದು ಹೆಚ್ಚಿನವಕ್ಕೆ ಆಗುತ್ತೆ. 'ಡ್ಯಾಕ್ ಇದೆಯಾ?' ಅಂತ ಒಂದು ಮಾತು ಕೇಳಿದರೆ ಬಸ್ ಚಾರ್ಜು ಕೊಟ್ಟು ಇನ್ನೊಂದು ಸಲ ಬರುವುದು ತಪ್ಪುತ್ತೆ.

ಅಸಲಿ ಯಾವುದು, ನಕಲಿ ಯಾವುದು

ಬೋಟ್, ಜೆ.ಬಿ.ಎಲ್., ರಿಯಲ್‌ಮಿ, ಸೋನಿ ಅಂತ ಹೆಸರಿರುವ ಕಂಪನಿಗಳ ವೈರಿನ ಮಾಲು ಸುಮಾರಾಗಿ 400ರಿಂದ 1,000 ರೂಪಾಯಿಯೊಳಗೆ ಸಿಕ್ಕುತ್ತೆ. ಅದೇ ಹೆಸರಿನ ಮಾಲು ಫುಟ್‌ಪಾತಿನಲ್ಲಿ 120ಕ್ಕೆ ಸಿಕ್ಕಿದರೆ ಅದು ಯಾರ ಮಗು ಅಂತ ಕೇಳುವ ಅಗತ್ಯವೇ ಇಲ್ಲ. ತೊಂದರೆ ಬರುವುದು 350ಕ್ಕೆ ಸಿಕ್ಕುವ ನಕಲಿಯಿಂದ. ಡಬ್ಬಿ ತದ್ರೂಪ, ಅಕ್ಷರ ತದ್ರೂಪ, ಒಳಗೆ ಮಾತ್ರ ಬೇರೆ.

2011ರ ಪೊಟ್ಟಣ ಸಾಮಗ್ರಿಗಳ ನಿಯಮದ ಪ್ರಕಾರ ಡಬ್ಬಿ ಮೇಲೆ ಎಂ.ಆರ್.ಪಿ., ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು ವಿಳಾಸ, ತಿಂಗಳು ವರ್ಷ, ಯಾವ ದೇಶದ್ದು, ದೂರಿಗೆ ಫೋನ್ ನಂಬರು ಇರಲೇಬೇಕು. ನಕಲಿ ಡಬ್ಬಿಯಲ್ಲಿ ಇವುಗಳಲ್ಲಿ ಒಂದೆರಡು ತಪ್ಪಿರುತ್ತೆ, ಇಲ್ಲವೇ ಆ ಫೋನ್ ನಂಬರು ಉತ್ತರಿಸೋಲ್ಲ. ಅಲ್ಲೇ ನಿಂತು ಒಂದು ಕಾಲ್ ಮಾಡಿ ನೋಡಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಅಂಗಡಿಯವರು 'ನಾವೇನು ತಯಾರು ಮಾಡಿದ್ವಾ, ತಂದು ಮಾರ್ತೀವಿ ಅಷ್ಟೆ' ಅಂದುಕೊಂಡಿದ್ದರೆ ಕಾನೂನು ಹಾಗೆ ಹೇಳೋಲ್ಲ. 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯ 104ನೇ ಕಲಮಿನಲ್ಲಿ ನಕಲಿ ಮಾರ್ಕಿನ ಮಾಲು ಮಾರಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಅಂತಿದೆ. ಗೊತ್ತಿಲ್ಲದೆ, ಎಚ್ಚರಿಕೆ ವಹಿಸಿಯೇ ತಂದದ್ದು ಅಂತ ತೋರಿಸಿದರೆ ಮಾತ್ರ ಬಚಾವ್. ತೋರಿಸುವುದಕ್ಕೆ ಹೋಲ್‌ಸೇಲ್ ಬಿಲ್ಲು ಬೇಡವೇ? ಬೆಂಗಳೂರಿನಿಂದ ಬಿಲ್ಲಿಲ್ಲದೆ ಚೀಲದಲ್ಲಿ ಮಾಲು ತಂದು ಹತ್ತು ರೂಪಾಯಿ ಉಳಿಸುವವರು ಈ ಲೆಕ್ಕವನ್ನೂ ಹಾಕಲಿ.

ಗಿರಾಕಿಯೂ ಬಿಲ್ಲು ಕೇಳಬೇಕು. ಆರು ತಿಂಗಳೋ ವರ್ಷವೋ ವಾರಂಟಿ ಅಂತ ಬರೆದಿರುತ್ತೆ, ಬಿಲ್ಲಿಲ್ಲದಿದ್ದರೆ ಅದು ಬರೀ ಬರಹ. ಕೊಟ್ಟ ಮಾತು ನಡೆಸದಿದ್ದರೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲೂ 5 ಲಕ್ಷದವರೆಗಿನ ಮಾಲಿಗೆ ದೂರಿನ ಶುಲ್ಕವಿಲ್ಲ. ಆರುನೂರು ರೂಪಾಯಿ ವೈರಿಗೆ ಯಾರು ಕೋರ್ಟಿಗೆ ಅಲೀತಾರೆ ಅಂತೀರಾ? ನಿಜವೇ. ಆದರೆ 1915ಕ್ಕೆ ಅಲೆಯಬೇಕಾದ್ದಿಲ್ಲ.

ಕಿವಿ ಹೋದ ಮೇಲೆ

ಇನ್ನು ಕಿವಿಯ ಮಾತು. ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟಿರುವ ಲೆಕ್ಕ ಹೀಗಿದೆ: 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿಸಿದರೆ ವಾರಕ್ಕೆ 4 ಗಂಟೆ ಮಾತ್ರ. ಹತ್ತೇ ಡೆಸಿಬಲ್ ಹೆಚ್ಚು, ಹೊತ್ತು ಹತ್ತರಲ್ಲಿ ಒಂದು ಪಾಲು! ಯಾಕಂದ್ರೆ ಪ್ರತಿ 3 ಡೆಸಿಬಲ್ಲಿಗೂ ಸದ್ದಿನ ಶಕ್ತಿ ದುಪ್ಪಟ್ಟಾಗುತ್ತೆ.

ತುಮಕೂರು-ಬೆಂಗಳೂರು ಓಡಾಡುವವರಿಗೆ ದಿನಕ್ಕೆ ಮೂರು ಗಂಟೆ ಬಸ್ಸು ಅಂತ ಇಟ್ಟುಕೊಳ್ಳಿ. ವಾರಕ್ಕೆ ಆರು ದಿನ, 18 ಗಂಟೆ. 80ರಲ್ಲಿ ಕೇಳಿದರೆ ಭಯವಿಲ್ಲ. 90ರಲ್ಲಿ ಕೇಳಿದರೆ ಮಂಗಳವಾರ ಬೆಳಿಗ್ಗೆಗೇ ವಾರದ ಕೋಟಾ ಖಾಲಿ. ಕಳಪೆ ವೈರಿನ ಪಾಪ ಇರುವುದು ಇಲ್ಲೇ. ಅದು ಕಿವಿಯಲ್ಲಿ ಸರಿಯಾಗಿ ಕೂರೋಲ್ಲ, ಎಂಜಿನ್ ಸದ್ದು ಒಳಗೆ ನುಗ್ಗುತ್ತೆ, ಅದನ್ನು ಮೀರಿಸಲು ಮನುಷ್ಯ ವಾಲ್ಯೂಮ್ ಏರಿಸುತ್ತಾನೆ. ಅಗ್ಗದ ಪ್ಲೇಯರುಗಳಲ್ಲಿ 'ಸದ್ದು ಜಾಸ್ತಿಯಾಯಿತು' ಅಂತ ಎಚ್ಚರಿಸುವ ವ್ಯವಸ್ಥೆಯೂ ಇಲ್ಲ. ಒಳಕಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟೋಲ್ಲ. ಅದಕ್ಕೆ ಮಾತ್ರೆಯೂ ಇಲ್ಲ, ಆಪರೇಷನ್ನೂ ಇಲ್ಲ.

ಮನೆಯಲ್ಲಿ, ಸದ್ದಿಲ್ಲದ ಕಡೆ ಕೂತು ವಾಲ್ಯೂಮನ್ನು ಹಿತವಾಗಿರುವಲ್ಲಿಗೆ ಇಟ್ಟು ಆ ಅಂಕಿ ನೆನಪಿಟ್ಟುಕೊಳ್ಳುವುದು ಒಂದು ಉಪಾಯ. ಬಸ್ಸಿನಲ್ಲಿ ಅದಕ್ಕಿಂತ ಒಂದೆರಡು ಮೆಟ್ಟಿಲು ಸರಿ, ಐದಾರು ಮೆಟ್ಟಿಲು ಬೇಕಾದರೆ ರಬ್ಬರ್ ಸರಿಯಿಲ್ಲ ಅಂತ ಲೆಕ್ಕ. ಬಸ್ ಇಳಿದ ಮೇಲೂ ಕಿವಿ ಗುಂಯ್ ಅನ್ನುತ್ತಿದ್ದರೆ, ಎದುರಿನವರ ಮಾತು ಹತ್ತಿಯೊಳಗಿಂದ ಬಂದ ಹಾಗಿದ್ದರೆ ಆವತ್ತು ಜಾಸ್ತಿಯಾಗಿದೆ ಅಂತಲೇ ಅರ್ಥ. ಅದು ಮರುದಿನವೂ ಹೋಗದಿದ್ದರೆ ಕಿವಿ ಡಾಕ್ಟರ ಹತ್ತಿರ ಹೋಗಬೇಕು.

ರಸ್ತೆ ದಾಟುವಾಗ, ರೈಲು ಹಳಿ ದಾಟುವಾಗ ಎರಡೂ ತೆಗೆದು ಜೇಬಿಗೆ ಹಾಕಿ. ಟಿಕೆಟಿನ ಹಿಂದೆ ಬರೆದುಕೊಟ್ಟ ಚಿಲ್ಲರೆಯನ್ನೂ ಹಾಡಿನ ಗುಂಗಿನಲ್ಲಿ ಮರೆತು ಇಳಿಯುವವರಿದ್ದಾರೆ. ಕಂಡಕ್ಟರು ಕೂಗಿದ್ದು ಕೇಳಿಸಿದರೆ ತಾನೆ!

ಕೆಟ್ಟರೆ ಬಿಸಾಕಬೇಡಿ

ಒಂದು ಕಿವಿಯಲ್ಲಿ ಸದ್ದು ಸಣ್ಣಗಾದರೆ ಮೊದಲು ರಬ್ಬರ್ ಕಿತ್ತು ಬಾಯಿಯ ಜಾಲರಿ ನೋಡಿ. ಹತ್ತಕ್ಕೆ ಅರ್ಧ ಕೇಸು ಕಿವಿಯ ಗುಗ್ಗೆಯದು. ಒಣಗಿದ ಹಲ್ಲುಜ್ಜುವ ಬ್ರಷ್ಷಿನಿಂದ, ಬಾಯಿ ಕೆಳಗೆ ಮಾಡಿ ಉಜ್ಜಿದರೆ ಸಾಕು. ರಬ್ಬರನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ ಹಾಕಬೇಕು.

ಸದ್ದು ಬಿಟ್ಟುಬಿಟ್ಟು ಬಂದರೆ ತಂತಿ ಒಳಗೆ ಕಡಿದಿದೆ. ಕಡಿಯುವುದು ಹೆಚ್ಚಾಗಿ ಪಿನ್ನಿನ ಕೊರಳಲ್ಲಿ, ಯಾಕಂದ್ರೆ ತಂತಿ ಹಿಡಿದು ಎಳೆದು ಕೀಳುವ ಚಾಳಿ. ಪ್ಲೇಯರಿಗೆ ಬಿಗಿಯಾಗಿ ಸುತ್ತಿಡುವುದೂ ಅಷ್ಟೇ ಕೆಟ್ಟದ್ದು. ಕೊಳ್ಳುವಾಗಲೇ ಕೊರಳಲ್ಲಿ ಮೆತ್ತನೆಯ ರಬ್ಬರ್ ತೋಳು ಇದೆಯಾ ನೋಡಬೇಕು. 'ಎಲ್' ಅಕ್ಷರದ ಹಾಗೆ ಬಾಗಿದ ಪಿನ್ನು ಜೇಬಿಗೆ ಒಳ್ಳೆಯದು. ಹಾಡು ಹಾಕಿಕೊಂಡು ಪಿನ್ನಿನ ಹತ್ತಿರ, ವೈ ಥರ ಕವಲೊಡೆಯುವ ಕಡೆ, ಕಿವಿಯ ಬುಡದಲ್ಲಿ ತಂತಿ ಮೆಲ್ಲಗೆ ಬಾಗಿಸಿ ನೋಡಿ. ಕರಕರ ಅಂದರೆ ಆ ಪೀಸ್ ಬೇಡ. ಚೀನಾದ ಕೆ.ಝಡ್. ಥರದ ಕೆಲವು ಕಂಪನಿಗಳು ಸಾವಿರದ ಆಸುಪಾಸಿನಲ್ಲೇ ವೈರು ಬಿಚ್ಚಿ ಬೇರೆ ಹಾಕುವಂಥ ಇಯರ್‌ಫೋನ್ ಮಾಡುತ್ತವೆ. ತಂತಿ ಹೋದರೆ ತಂತಿ ಮಾತ್ರ ಕೊಂಡರಾಯಿತು.

ಬಿಚ್ಚಲಾಗದ್ದಾದರೆ ರಿಪೇರಿಯವರ ಹತ್ತಿರ ಹೊಸ ಪಿನ್ನು ಹಾಕಿಸಬಹುದು. ಮೂಲ ಮಾಲು ಒಳ್ಳೆಯದಾಗಿದ್ದರೆ ಹೊಸದು ಕೊಳ್ಳುವುದಕ್ಕಿಂತ ಇದು ಅಗ್ಗ. ಒಳಗಿನ ತಂತಿ ಕೂದಲಿನಷ್ಟು ತೆಳು, ಮೇಲೆ ಬಣ್ಣದ ಅರಗು. ಸಾಮಾನ್ಯವಾಗಿ ಕೆಂಪು ಬಲಕ್ಕೆ, ಹಸಿರು ಅಥವಾ ನೀಲಿ ಎಡಕ್ಕೆ, ತಾಮ್ರದ ಬಣ್ಣದ್ದು ಅರ್ತಿಂಗ್. ಆ ಅರಗನ್ನು ಬಿಸಿ ಕಬ್ಬಿಣದಿಂದ ಸುಟ್ಟು ತೆಗೆಯದೆ ಬೆಸುಗೆ ಹಾಕಿದರೆ ಹಿಡಿಯೋಲ್ಲ, ಹಿಡಿದ ಹಾಗೆ ಕಂಡರೂ ನಾಲ್ಕು ದಿನಕ್ಕೆ ಬಿಡುತ್ತೆ. ರಿಪೇರಿಯವರು ಅರಗು ಸುಟ್ಟು, ತುದಿಗೆ ಸೀಸ ಹಿಡಿಸಿ ಆಮೇಲೆ ಪಿನ್ನಿಗೆ ಕೂಡಿಸುತ್ತಾರಾ ಅಂತ ನಿಂತು ನೋಡಿ. ಆಮೇಲೆ ಅಲ್ಲೇ ಎರಡು ಕಿವಿಗೂ ಹಾಕಿ ಒಂದು ಹಾಡು ಪೂರ್ತಿ ಕೇಳಿ ದುಡ್ಡು ಕೊಡಿ.